ಮಳೆ ರಜೆಯ ದಿನ ಊಟ ಎಲ್ಲಿ?

ಜುಲೈ ಬಂತೆಂದರೆ ದಕ್ಷಿಣ ಕನ್ನಡ ಮತ್ತು ಉಡುಪಿಯ ಮಕ್ಕಳಿಗೆ ಜಿಲ್ಲಾಧಿಕಾರಿಗಿಂತ ದೊಡ್ಡ ದೇವರು ಇಲ್ಲ. ರಾತ್ರಿ ಮಳೆ ಜೋರಾದೊಡನೆ ಅವರ ಸಾಮಾಜಿಕ ಜಾಲತಾಣದ ಪುಟಕ್ಕೆ ಹೋಗಿ ‘ಸರ್, ನಾಳೆ ರಜೆ ಕೊಡಿ’ ಎಂದು ಮೊರೆಯಿಡುವವರಿದ್ದಾರೆ. ರಜೆ ಘೋಷಣೆಯಾದರೆ ಸುದ್ದಿ ಹತ್ತೇ ನಿಮಿಷದಲ್ಲಿ ಊರಿನ ವಾಟ್ಸ್‌ಆ್ಯಪ್ ಗುಂಪುಗಳನ್ನೆಲ್ಲ ಸುತ್ತಿ ಬರುತ್ತದೆ. ತೋಡು ದಾಟಿ, ಗುಡ್ಡ ಇಳಿದು ಬರುವ ಮಕ್ಕಳ ಜೀವದ ಪ್ರಶ್ನೆ ಅದು, ರಜೆ ಕೊಡಲೇಬೇಕು. ಆದರೆ ಮಂಗಳೂರಿನ ಹಳೆ ಬಂದರಿಗೆ ಹತ್ತಿರವಿರುವ ಒಂದು ಸರಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದರೆ ಪೋಷಕರೂ ಇರುವ ಶಾಲಾಭಿವೃದ್ಧಿ ಸಮಿತಿಯಲ್ಲಿ, ಕೆಲವು ವರ್ಷ ಕೂತಿದ್ದ ನನಗೆ ಆ ಸಂದೇಶ ಬಂದಾಗಲೆಲ್ಲ ಬೇರೊಂದು ಲೆಕ್ಕ ತಲೆಯಲ್ಲಿ ಓಡುತ್ತದೆ: ನಾಳೆ ಎಷ್ಟು ಮಕ್ಕಳಿಗೆ ಮಧ್ಯಾಹ್ನದ ಊಟ ತಪ್ಪುತ್ತದೆ?

ಈ ಪ್ರಶ್ನೆ ಕೇಳಿದರೆ ನಮ್ಮೂರಿನವರು ಹುಬ್ಬೇರಿಸುತ್ತಾರೆ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ಎಂದು ನಾಲ್ಕು ದೊಡ್ಡ ಬ್ಯಾಂಕುಗಳು ಹುಟ್ಟಿದ ಸೀಮೆ ಇದು. ಉಡುಪಿಯ ಮಠ, ಕಟೀಲು, ಧರ್ಮಸ್ಥಳ, ಕೊಲ್ಲೂರು, ಎಲ್ಲಿ ಹೋದರೂ ಎಲೆ ಹಾಕಿ ಬಡಿಸುತ್ತಾರೆ. ಇಲ್ಲಿ ಹಸಿದಿರುವವರು ಯಾರು ಎನ್ನುವುದು ಅವರ ಮಾತು. ದೇವಸ್ಥಾನದ ಊಟದ ಬಗ್ಗೆ ನನಗೆ ಗೌರವವಿದೆ. ಆದರೆ ಎಂಟು ವರ್ಷದ ಹುಡುಗಿ ದಿನಾ ಮಧ್ಯಾಹ್ನ ಬಸ್ ಹತ್ತಿ ಕಟೀಲಿಗೆ ಹೋಗಿ ಉಂಡು ಬರಲಾರಳು.

ಮೊದಲು ‘ಆಹಾರ ಬಡತನ’ ಎಂದರೆ ಏನೆಂದು ನೋಡೋಣ. ಹೊಟ್ಟೆ ತುಂಬಿದ ಮಗುವೂ ಆಹಾರದ ಬಡವ ಆಗಿರಬಹುದು. ಯುನಿಸೆಫ್ 2024ರಲ್ಲಿ ಪ್ರಕಟಿಸಿದ ವರದಿ ಐದು ವರ್ಷದೊಳಗಿನ ಮಕ್ಕಳ ಆಹಾರವನ್ನು ಎಂಟು ಗುಂಪುಗಳಾಗಿ ವಿಂಗಡಿಸುತ್ತದೆ: ತಾಯಿಯ ಹಾಲು, ಧಾನ್ಯ ಮತ್ತು ಗೆಡ್ಡೆ, ಬೇಳೆಕಾಳು ಮತ್ತು ಬೀಜ, ಹಾಲು-ಮೊಸರಿನಂಥವು, ಮೀನು ಮತ್ತು ಮಾಂಸ, ಮೊಟ್ಟೆ, ‘ಎ’ ಜೀವಸತ್ವ ಹೆಚ್ಚಿರುವ ಹಣ್ಣು-ಸೊಪ್ಪು-ತರಕಾರಿ, ಉಳಿದ ಹಣ್ಣು-ತರಕಾರಿ. ದಿನಕ್ಕೆ ಇವುಗಳಲ್ಲಿ ಐದಾದರೂ ಮಗುವಿಗೆ ಸಿಗಬೇಕು. ಮೂರೋ ನಾಲ್ಕೋ ಸಿಕ್ಕಿದರೆ ಮಧ್ಯಮ ಬಡತನ. ಎರಡು ಅಥವಾ ಅದಕ್ಕಿಂತ ಕಡಿಮೆಯಾದರೆ ತೀವ್ರ ಬಡತನ. ಜಗತ್ತಿನಲ್ಲಿ 18.1 ಕೋಟಿ ಪುಟ್ಟ ಮಕ್ಕಳು ಈ ತೀವ್ರ ಬಡತನದಲ್ಲಿದ್ದಾರೆ ಎಂದು ಆ ವರದಿ ಹೇಳುತ್ತದೆ. ಭಾರತದಲ್ಲಿ ಈ ಪಾಲು ಶೇ 40.

ಈ ಅಳತೆಗೋಲನ್ನು ನಮ್ಮ ಬಟ್ಟಲಿಗೆ ಹಿಡಿಯಿರಿ. ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ: ಹೊಟ್ಟೆ ತುಂಬುತ್ತದೆ, ರುಚಿಯೂ ಇದೆ, ಆದರೆ ಲೆಕ್ಕಕ್ಕೆ ಒಂದೇ ಗುಂಪು. ಅದಕ್ಕೆ ತೊವ್ವೆ ಸೇರಿದರೆ ಎರಡು. ಇನ್ನೂ ‘ತೀವ್ರ’ದಲ್ಲೇ ಇದ್ದೇವೆ. ಹಿತ್ತಲಿನ ಬಸಳೆ ಬಂದರೆ ಮೂರು, ಒಂದು ಲೋಟ ಹಾಲು ಸೇರಿದರೆ ನಾಲ್ಕು. ಒಂದು ತುಂಡು ಬಂಗುಡೆಯೋ ಒಣಮೀನೋ ಮೊಟ್ಟೆಯೋ ಬಿದ್ದಾಗ ಮಾತ್ರ ಐದು. ಗಂಜಿಯಿಂದ ಮೀನಿನವರೆಗಿನ ಈ ನಾಲ್ಕು ಮೆಟ್ಟಿಲುಗಳಲ್ಲಿ ಪ್ರತಿಯೊಂದಕ್ಕೂ ದುಡ್ಡು ಬೇಕು, ಇಲ್ಲವೆ ಹಿತ್ತಲು ಬೇಕು. ಬಾಡಿಗೆ ಕೋಣೆಯಲ್ಲಿ ಇರುವವರಿಗೆ ಹಿತ್ತಲು ಎಲ್ಲಿಂದ ಬರಬೇಕು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ, ನೂರಕ್ಕೆ 65 ಮಕ್ಕಳಿಗೆ ರಕ್ತಹೀನತೆ ಇದೆ. ಇವರಲ್ಲಿ ಹೆಚ್ಚಿನವರು ಅನ್ನ ಕಾಣದ ಮಕ್ಕಳಲ್ಲ, ಅನ್ನವನ್ನು ಬಿಟ್ಟು ಬೇರೇನನ್ನೂ ಸರಿಯಾಗಿ ಕಾಣದವರು.

ಕರಾವಳಿಯ ಹಸಿವಿಗೆ ಒಂದು ಋತು ಇದೆ, ಅದನ್ನು ನಮ್ಮ ಹಿರಿಯರು ‘ಆಟಿ’ ಎಂದು ಕರೆದರು. ಗದ್ದೆಯ ನಾಟಿ ಮುಗಿದು, ಕಣಜ ಬರಿದಾಗಿ, ಮಳೆ ಬಿಡದೆ ಸುರಿಯುವ ತಿಂಗಳು. ಆಗ ಬದುಕಿಸಿದ್ದು ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಹಲಸಿನ ಬೀಜ, ತಜಂಕಿನ ಸೊಪ್ಪು, ಕೆಸು, ಕಣಿಲೆ ಎಂಬ ಎಳೆ ಬಿದಿರು. ಈಗ ‘ಆಟಿಡೊಂಜಿ ದಿನ’ (ಆಟಿಯಲ್ಲೊಂದು ದಿನ) ಎಂದು ಸಭಾಭವನಗಳಲ್ಲಿ ಅದೇ ತಿನಿಸುಗಳನ್ನು ಸಾಲಾಗಿ ಜೋಡಿಸಿ ಉಣ್ಣುತ್ತೇವೆ. ನಾನೂ ಹೋಗುತ್ತೇನೆ, ಪತ್ರೊಡೆಯನ್ನು ಎರಡು ಸಲ ಹಾಕಿಸಿಕೊಳ್ಳುತ್ತೇನೆ. ಬರಗಾಲದ ಅಡುಗೆ ಹಬ್ಬದ ಅಡುಗೆಯಾದದ್ದು ಸಂತೋಷವೇ. ಆದರೆ ಆಟಿ ಎಲ್ಲರ ಮನೆಯಿಂದ ಹೊರಟು ಹೋಗಿಲ್ಲ, ವೇಷ ಬದಲಿಸಿದೆ ಅಷ್ಟೇ. ಜೂನ್ 1ರಿಂದ ಜುಲೈ 31ರವರೆಗೆ, ಮೀನಿನ ಸಂತಾನ ಉಳಿಯಲೆಂದು, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಧಕ್ಕೆಯಲ್ಲಿ, ಅಂದರೆ ದೋಣಿ ನಿಲ್ಲುವ ಬಂದರು ಕಟ್ಟೆಯಲ್ಲಿ, ಮೀನು ಹೊರುವವರಿಗೆ, ಐಸ್ ಒಡೆಯುವವರಿಗೆ, ಬುಟ್ಟಿ ಹೊತ್ತು ಮಾರುವ ಹೆಂಗಸರಿಗೆ ಅರವತ್ತೊಂದು ದಿನ ಕೆಲಸ ಕುಸಿಯುತ್ತದೆ. ಕೊಪ್ಪಳ, ಬಾಗಲಕೋಟೆ, ಗದಗದ ಕಡೆಯಿಂದ ಬಂದು ಕಟ್ಟಡ ಕೆಲಸ ಮಾಡುವವರಿಗೆ ಮಳೆಯಲ್ಲಿ ಕಾಂಕ್ರೀಟ್ ಕೆಲಸ ಹೆಚ್ಚು ಸಿಗುವುದಿಲ್ಲ. ಬೀಡಿ ಸುತ್ತುವ ತಾಯಂದಿರ ಎಲೆ ತೇವಕ್ಕೆ ಬೂಸಲು ಹಿಡಿಯುತ್ತದೆ. ಶಾಲೆ ಬಾಗಿಲು ತೆರೆಯುವುದೂ ಇದೇ ಹೊತ್ತಿಗೆ. ಸಮವಸ್ತ್ರ, ಕೊಡೆ, ಪುಸ್ತಕದ ಖರ್ಚೆಲ್ಲ ಒಟ್ಟಿಗೇ ಬಾಗಿಲಿಗೆ ಬಂದು ನಿಲ್ಲುತ್ತದೆ.

ಇಂಥ ಮನೆಗಳಿಗೆ ಶಾಲೆಯ ಬಿಸಿಯೂಟ ಏನು ಮಾಡುತ್ತದೆ ಎಂಬುದನ್ನು ತಿಳಿಯಲು ಅದರ ಹೊಟ್ಟೆಯೊಳಗೆ ಸ್ವಲ್ಪ ಇಣುಕಬೇಕು. ಚರಿತ್ರೆಯನ್ನು ಬೇಗ ಮುಗಿಸುತ್ತೇನೆ. ತಮಿಳುನಾಡಿನಲ್ಲಿ ಕಾಮರಾಜರು 1956ರಲ್ಲೇ ಶುರು ಮಾಡಿದ್ದನ್ನು ಕೇಂದ್ರ ಸರಕಾರ 1995ರ ಆಗಸ್ಟ್ 15ರಂದು ದೇಶದ ಯೋಜನೆಯಾಗಿಸಿತು. ಆದರೆ ಬಹುತೇಕ ಕಡೆ ಮಕ್ಕಳ ಕೈಗೆ ಸಿಕ್ಕಿದ್ದು ತಿಂಗಳಿಗೆ ಮೂರು ಕೆ.ಜಿ. ಧಾನ್ಯ ಮಾತ್ರ. ಅದು ಮನೆಯ ಡಬ್ಬಿಗೆ ಹೋಗಿ ಎಲ್ಲರ ಪಾಲಾಗುತ್ತಿತ್ತು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ‘ಬೇಯಿಸಿದ ಊಟವನ್ನೇ ಕೊಡಿ’ ಎಂದು ಆದೇಶಿಸಿತು. ಬೇಯಿಸಿ ಬಡಿಸಿದ್ದು ಆ ಮಗುವಿನ ಹೊಟ್ಟೆಗೇ ಹೋಗುತ್ತದೆ. ಕರ್ನಾಟಕದಲ್ಲಿ ‘ಅಕ್ಷರ ದಾಸೋಹ’ 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ನಮ್ಮ ಕಡೆಗೂ ಬಂತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಅದನ್ನು ಹಕ್ಕಾಗಿಸಿತು: ಒಂದರಿಂದ ಐದನೇ ತರಗತಿಯವರಿಗೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್, ಆರರಿಂದ ಎಂಟರವರಿಗೆ 700 ಕ್ಯಾಲೊರಿ, 20 ಗ್ರಾಂ. 2021ರಿಂದ ಕೇಂದ್ರದ ಯೋಜನೆಯ ಹೆಸರು ‘ಪಿಎಂ ಪೋಷಣ್’. ಒಂಬತ್ತು, ಹತ್ತನೇ ತರಗತಿಯ ಮಕ್ಕಳು ಅದರಲ್ಲಿ ಇಲ್ಲ, ಅವರ ಊಟದ ಖರ್ಚನ್ನು ನಮ್ಮ ರಾಜ್ಯವೇ ಹೊರುತ್ತದೆ.

ದುಡ್ಡಿನ ಲೆಕ್ಕ ಇನ್ನೂ ಕುತೂಹಲದ್ದು. ಅಕ್ಕಿಯನ್ನು ಕೇಂದ್ರ ಬೇರೆಯಾಗಿ ಕೊಡುತ್ತದೆ. ಬೇಳೆ, ತರಕಾರಿ, ಎಣ್ಣೆ, ಸಾಂಬಾರ ಪದಾರ್ಥ ಮತ್ತು ಅನಿಲಕ್ಕೆ ಕೇಂದ್ರ ನಿಗದಿ ಮಾಡಿದ ಕನಿಷ್ಠ ಮೊತ್ತ 2025ರ ಮೇ ತಿಂಗಳಿಂದ ಕಿರಿಯ ಮಗುವೊಂದಕ್ಕೆ ದಿನಕ್ಕೆ 6.78 ರೂಪಾಯಿ, ಹಿರಿಯ ಪ್ರಾಥಮಿಕಕ್ಕೆ 10.17 ರೂಪಾಯಿ. ಅದರಲ್ಲಿ ಶೇ 60 ಕೇಂದ್ರದ್ದು, ಶೇ 40 ರಾಜ್ಯದ್ದು. ಕಿರಿಯ ಮಗುವಿನ ಪಾಲು 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ತೊಗರಿಬೇಳೆ ಕೆ.ಜಿ.ಗೆ 120 ರೂಪಾಯಿ ಎಂದು ಹಿಡಿದರೆ ಬೇಳೆಗೆ 2.40. ತರಕಾರಿ ಕೆ.ಜಿ.ಗೆ 50 ಎಂದರೆ 2.50. ಎಣ್ಣೆಗೆ 70 ಪೈಸೆ. ಉಳಿದ 1.18 ರೂಪಾಯಿಯಲ್ಲಿ ಉಪ್ಪು, ಹುಳಿ, ಮೆಣಸು, ಒಗ್ಗರಣೆ, ಗ್ಯಾಸ್ ಎಲ್ಲವೂ ಆಗಬೇಕು. ತೆಂಗಿನಕಾಯಿಯ ಮಾತು ಎತ್ತುವಂತೆಯೇ ಇಲ್ಲ. ಕಾಯಿ ಅರೆದು ಹಾಕದ ಸಾಂಬಾರನ್ನು ಸಾಂಬಾರೆಂದು ಒಪ್ಪದ ಊರಿನಲ್ಲಿ ಇದೊಂದು ಗಂಭೀರ ಸಮಸ್ಯೆ. ಹಳ್ಳಿ ಶಾಲೆಗಳಲ್ಲಿ ಪೋಷಕರು ತೋಟದ ಎರಡು ಕಾಯಿ, ಒಂದು ಮಂಗಳೂರು ಸೌತೆ, ಒಂದು ಕಟ್ಟು ಹರಿವೆ ತಂದುಕೊಟ್ಟು ಈ ಕೊರತೆಯನ್ನು ತುಂಬುತ್ತಾರೆ. ಶಾಲೆಯ ಕೈತೋಟದಲ್ಲಿ ಅಲಸಂಡೆ, ತೊಂಡೆ ಬೆಳೆಯುವವರಿದ್ದಾರೆ. ತೋಟವಿಲ್ಲದ ಪೇಟೆಯ ಶಾಲೆಗೆ ಈ ಭಾಗ್ಯವಿಲ್ಲ, ಅಲ್ಲಿ ಮುಖ್ಯ ಶಿಕ್ಷಕರು ಅಂಗಡಿಯ ಸಾಲದ ಪುಸ್ತಕ ಹಿಡಿದು ಓಡಾಡಬೇಕು.

ಅಕ್ಕಿಯದ್ದೂ ಒಂದು ಕಥೆ. ಮನೆಯಲ್ಲಿ ಕುಚ್ಚಲಕ್ಕಿ ಉಂಡು ಬೆಳೆದ ಮಗುವಿಗೆ ಶಾಲೆಯ ಬೆಳ್ತಿಗೆ ಅನ್ನ ‘ಹೊಟ್ಟೆಯಲ್ಲಿ ನಿಲ್ಲುವುದಿಲ್ಲ’. ನಮ್ಮ ಕಡೆಯ ಪಡಿತರಕ್ಕೂ ಬಿಸಿಯೂಟಕ್ಕೂ ಕುಚ್ಚಲಕ್ಕಿ ಕೊಡಬೇಕೆಂಬ ಬೇಡಿಕೆ ಹಳೆಯದು. ಈಚಿನ ವರ್ಷಗಳಲ್ಲಿ ಬಂದ ಸಾರವರ್ಧಿತ ಅಕ್ಕಿಯಲ್ಲಿ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿದ ಕಾಳುಗಳು ನೂರಕ್ಕೊಂದರಂತೆ ಸೇರಿರುತ್ತಿದ್ದವು. ಅಕ್ಕಿ ತೊಳೆಯುವಾಗ ಅವು ತೇಲುವುದನ್ನು ಕಂಡು ‘ಪ್ಲಾಸ್ಟಿಕ್ ಅಕ್ಕಿ’ ಎಂದು ಆರಿಸಿ ಎಸೆದವರನ್ನು ನಾನೇ ನೋಡಿದ್ದೇನೆ. ಎಸೆದದ್ದು ಆ ಚೀಲದಲ್ಲಿದ್ದ ಔಷಧವನ್ನೇ.

ಈ ಬಟ್ಟಲನ್ನು ನಿಜವಾಗಿ ತುಂಬಿಸಿದ್ದು ರಾಜ್ಯ ಸೇರಿಸಿದ ಎರಡು ವಸ್ತುಗಳು. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯದಲ್ಲಿ 18 ಗ್ರಾಂ ಕೆನೆಭರಿತ ಹಾಲಿನ ಪುಡಿಯಿಂದ ಮಾಡಿದ 150 ಮಿಲಿ ಹಾಲು. ಇನ್ನೊಂದು ಮೊಟ್ಟೆ. ಮೊಟ್ಟೆಯ ಮೇಲೆ ಈ ರಾಜ್ಯದಲ್ಲಿ ಆದಷ್ಟು ಚರ್ಚೆ ಬೇರೆ ಯಾವ ಆಹಾರದ ಮೇಲೂ ಆಗಿರಲಿಕ್ಕಿಲ್ಲ. 2021ರ ಕೊನೆಯಲ್ಲಿ ಉತ್ತರದ ಜಿಲ್ಲೆಗಳಲ್ಲಿ ಪ್ರಯೋಗವಾಗಿ ಬಂದದ್ದು, ಅಜೀಂ ಪ್ರೇಮ್‌ಜಿ ಫೌಂಡೇಷನ್ ಕೈಜೋಡಿಸಿದ ಮೇಲೆ 2024ರ ಸೆಪ್ಟೆಂಬರ್‌ನಿಂದ ವಾರದ ಆರು ದಿನಕ್ಕೆ ಏರಿತು. ಬೇಡವೆನ್ನುವವರಿಗೆ ಬಾಳೆಹಣ್ಣು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ, ಕಿರಿಯ ಮಗುವಿನ ಊಟಕ್ಕೆ ಕಾಯ್ದೆ ಹೇಳಿದ್ದರ ಅರ್ಧ. ದರ ಏರಿದ ತಿಂಗಳಲ್ಲಿ ಸರಕಾರ ಕೊಡುವ ಮೊತ್ತಕ್ಕೂ ಅಂಗಡಿಯ ಬೆಲೆಗೂ ನಡುವಿನ ಅಂತರವನ್ನು ತುಂಬುವುದು ಬಹಳ ಸಲ ಶಿಕ್ಷಕರ ಜೇಬು.

ಈಗ ಯುನಿಸೆಫ್‌ನ ಗೋಲನ್ನು ಮತ್ತೆ ತೆಗೆಯೋಣ. ಅದು ಪುಟ್ಟ ಮಕ್ಕಳಿಗೆಂದು ಮಾಡಿದ್ದು, ಆದರೂ ಅಂದಾಜಿಗೆ ಎರವಲು ಪಡೆಯಬಹುದು. ಶಾಲೆ ಇರುವ ದಿನ ಮಗುವಿಗೆ ಅನ್ನ, ಬೇಳೆ, ತರಕಾರಿ, ಹಾಲು, ಮೊಟ್ಟೆ. ಎಣಿಸಿ ನೋಡಿ, ಐದು. ಧಕ್ಕೆಯ ಬದಿಯ ಮನೆಯ ಹುಡುಗನೊಬ್ಬ ತನ್ನ ಮನೆಯಲ್ಲಿ ಮಳೆಗಾಲದಲ್ಲಿ ಹತ್ತಲಾಗದ ನಾಲ್ಕು ಮೆಟ್ಟಿಲುಗಳನ್ನು ಶಾಲೆಯ ಜಗಲಿಯಲ್ಲಿ ಕೂತು ಹತ್ತಿಬಿಡುತ್ತಾನೆ. ಇದರ ಫಲ ಒಂದು ತಲೆಮಾರಿಗೆ ನಿಲ್ಲುವುದಿಲ್ಲ. ಬಾಲ್ಯದಲ್ಲಿ ಶಾಲೆಯ ಊಟ ಉಂಡ ಹೆಣ್ಣುಮಕ್ಕಳು ಮುಂದೆ ತಾಯಂದಿರಾದಾಗ ಅವರ ಮಕ್ಕಳ ಎತ್ತರ ಹೆಚ್ಚು ಚೆನ್ನಾಗಿರುತ್ತದೆ ಎಂದು ಭಾರತದ ಅಂಕಿಅಂಶಗಳನ್ನೇ ಆಧರಿಸಿದ ಅಧ್ಯಯನವೊಂದು 2021ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇಷ್ಟೆಲ್ಲದರ ನಡುವೆ ನನಗೆ ಅತ್ಯಂತ ದೊಡ್ಡದೆನಿಸುವುದು ಊಟದ ಹೊತ್ತಿನಲ್ಲಿ ಯಾರೂ ಕೇಳದ ಒಂದು ಪ್ರಶ್ನೆ. ‘ನಿನ್ನ ಮನೆಯ ರೇಷನ್ ಕಾರ್ಡ್ ಯಾವುದು?’ ಎಂದು ಬಡಿಸುವವರು ಕೇಳುವುದಿಲ್ಲ. ಶಾಲೆಯಲ್ಲಿ ಹೆಸರಿದ್ದರೆ ಸಾಕು, ತಟ್ಟೆ ಹಿಡಿದರೆ ಸಾಕು. ಇದು ಎಷ್ಟು ಅಪರೂಪವೆಂದು ಅರಿವಾದದ್ದು ಇಂಗ್ಲೆಂಡಿನಲ್ಲಿ ನರ್ಸ್ ಆಗಿರುವ ನನ್ನ ಚಿಕ್ಕಮ್ಮನ ಮಗಳ ಜತೆ ಮಾತನಾಡಿದಾಗ. ಅಲ್ಲಿ ಪುಟ್ಟ ತರಗತಿಗಳ ಮಕ್ಕಳಿಗೆ, ಅಂದರೆ ಮೊದಲ ಮೂರು ವರ್ಷ, 2014ರಿಂದ ಎಲ್ಲರಿಗೂ ಉಚಿತ ಊಟ. ಅದರಾಚೆಗೆ ಅರ್ಜಿ ಹಾಕಬೇಕು. ಸರಕಾರದ ನೆರವು ಪಡೆಯುವ ಕುಟುಂಬವಾದರೂ ದುಡಿಮೆಯ ಆದಾಯ ವರ್ಷಕ್ಕೆ 7,400 ಪೌಂಡ್ ದಾಟಿದರೆ ಮಗುವಿಗೆ ಊಟವಿಲ್ಲ ಎಂಬ ಗೆರೆಯನ್ನು 2018ರಲ್ಲಿ ಎಳೆದರು. ಗೆರೆಯಿಂದ ಕೂದಲೆಳೆ ಆಚೆ ಇದ್ದವರು ಬುತ್ತಿಯಲ್ಲಿ ಒಣ ಬ್ರೆಡ್ ಕಟ್ಟಿದರು. ಗೆರೆಯ ಈಚೆ ಇದ್ದ ಎಷ್ಟೋ ಮಂದಿ ನಾಚಿಕೆಯಿಂದ ಅರ್ಜಿಯನ್ನೇ ಹಾಕಲಿಲ್ಲ. 2020ರಲ್ಲಿ ಫುಟ್‌ಬಾಲ್ ಆಟಗಾರ ಮಾರ್ಕಸ್ ರಾಶ್‌ಫರ್ಡ್, ತಾನೂ ಉಚಿತ ಊಟ ಉಂಡು ಬೆಳೆದವನೆಂದು ಹೇಳಿಕೊಂಡು, ರಜೆಯಲ್ಲೂ ಮಕ್ಕಳಿಗೆ ಊಟದ ಚೀಟಿ ಕೊಡಿ ಎಂದು ಹಟ ಹಿಡಿದಾಗ ಸರಕಾರ ಮಣಿಯಿತು. ಲಂಡನ್‌ನಲ್ಲಿ 2023ರಿಂದ ಎಲ್ಲ ಸರಕಾರಿ ಪ್ರಾಥಮಿಕ ಶಾಲಾ ಮಕ್ಕಳಿಗೂ ಊಟವಿದೆ. ಇಡೀ ಇಂಗ್ಲೆಂಡಿನಲ್ಲಿ ನೆರವು ಪಡೆಯುವ ಎಲ್ಲ ಕುಟುಂಬಗಳಿಗೂ ಆ 7,400ರ ಗೆರೆಯನ್ನು ಅಳಿಸಲು 2026ರ ಸೆಪ್ಟೆಂಬರ್ ಎಂದು ದಿನ ಗೊತ್ತುಮಾಡಿದರು. ಶ್ರೀಮಂತ ದೇಶವೊಂದು ಇಷ್ಟು ಸುತ್ತಿ ಬಳಸಿ ಹುಡುಕುತ್ತಿರುವ ದಾರಿಯಲ್ಲಿ ನಮ್ಮ ಶಾಲೆಯ ಮಕ್ಕಳು ಎರಡು ದಶಕಗಳಿಂದ ತಟ್ಟೆ ಹಿಡಿದು ನಡೆಯುತ್ತಿದ್ದಾರೆ. ಹೆಮ್ಮೆ ಪಡಬಹುದಾದ ಕೆಲವೇ ವಿಷಯಗಳಲ್ಲಿ ಇದೂ ಒಂದು.

ರಾಶ್‌ಫರ್ಡ್ ಎತ್ತಿದ ರಜೆಯ ಪ್ರಶ್ನೆ ಮಾತ್ರ ನಮ್ಮಲ್ಲಿ ಇನ್ನೂ ತೆರೆದೇ ಇದೆ.

ಶಾಲೆಯ ಊಟದ ಬೇಲಿಯಲ್ಲಿ ತೂತುಗಳು ಹಲವು. ಅದು ಸರಕಾರಿ ಮತ್ತು ಅನುದಾನಿತ ಶಾಲೆಗೆ ಮಾತ್ರ. ಸಾಲ ಮಾಡಿ ಮಗುವನ್ನು ಖಾಸಗಿ ಇಂಗ್ಲಿಷ್ ಮಾಧ್ಯಮಕ್ಕೆ ಕಳುಹಿಸುವ ಬಡ ಮನೆ ಶುಲ್ಕದ ಜತೆಗೆ ದಿನಕ್ಕೊಂದು ಊಟವನ್ನೂ ಕಳೆದುಕೊಳ್ಳುತ್ತದೆ. ಮಿದುಳು ಅತಿ ವೇಗವಾಗಿ ಬೆಳೆಯುವ ಮೊದಲ ವರ್ಷಗಳು ಶಾಲೆಗೆ ಮೊದಲೇ ಮುಗಿದಿರುತ್ತವೆ. ಅದಕ್ಕೆ ಅಂಗನವಾಡಿ ಇದೆ: ಮೂರರಿಂದ ಆರು ವರ್ಷದವರಿಗೆ ಬಿಸಿ ಊಟ, ಅದಕ್ಕಿಂತ ಚಿಕ್ಕವರಿಗೆ ಮನೆಗೆ ಒಯ್ಯುವ ಆಹಾರ. ಗರ್ಭಿಣಿ ಮತ್ತು ಬಾಣಂತಿಯರಿಗೆ ಅಂಗನವಾಡಿಯಲ್ಲೇ ಊಟ ಬಡಿಸುವ ‘ಮಾತೃಪೂರ್ಣ’ 2017ರಲ್ಲಿ ಬಂದಾಗ ನಮ್ಮ ಕಡೆ ಎಡವಿದ್ದು ಭೂಗೋಳದಿಂದ. ಬಯಲುಸೀಮೆಯ ಊರಿನಂತೆ ಇಲ್ಲಿ ಮನೆಗಳು ಒತ್ತೊತ್ತಾಗಿಲ್ಲ. ಗುಡ್ಡಕ್ಕೊಂದು, ತೋಟಕ್ಕೊಂದು. ಎಂಟು ತಿಂಗಳ ಬಸುರಿ ಜಾರುವ ಹಾದಿಯಲ್ಲಿ ದಿನಾ ಒಂದೂವರೆ ಮೈಲಿ ನಡೆದು ಉಂಡು ಬರಬೇಕೆಂದರೆ ಯಾರು ಹೋಗುತ್ತಾರೆ? ಮನೆಗೆ ಬರುವ ನೆರವೂ ಇದೆ: ಅನ್ನಭಾಗ್ಯದ ಅಕ್ಕಿ, ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ. ಇವು ಗಂಜಿಯನ್ನು ಗಟ್ಟಿ ಮಾಡುತ್ತವೆ, ಕೆಲವು ಮನೆಗಳಲ್ಲಿ ಮೊಟ್ಟೆಯನ್ನೂ ತರುತ್ತವೆ. ವಲಸೆ ಬಂದವರು ಊರಿನ ಕಾರ್ಡಿನಲ್ಲೇ ಇಲ್ಲಿ ಪಡಿತರ ಪಡೆಯಬಹುದು, ಆದರೆ ಕಾರ್ಡೂ ಅದರಲ್ಲಿ ಬೆರಳಚ್ಚು ಕೊಡಬೇಕಾದ ಅಜ್ಜಿಯೂ ಊರಲ್ಲೇ ಉಳಿದಿದ್ದರೆ ಕಷ್ಟ.

ಇನ್ನು ರಜೆ. ಆಹಾರ ಭದ್ರತಾ ಕಾಯ್ದೆಯ ಐದನೇ ಕಲಮು ಮಕ್ಕಳಿಗೆ ಪ್ರತಿದಿನ ಉಚಿತ ಊಟ ಎನ್ನುತ್ತದೆ, ಅದೇ ಉಸಿರಿನಲ್ಲಿ ‘ಶಾಲಾ ರಜಾದಿನಗಳನ್ನು ಹೊರತುಪಡಿಸಿ’ ಎಂದೂ ಹೇಳುತ್ತದೆ. ಶಾಲೆ ನಡೆದ ದಿನ ಅಕ್ಕಿ, ಹಣ, ಇಂಧನ ಇಲ್ಲದೆಯೋ ಅಡುಗೆಯವರು ಬಾರದೆಯೋ ಊಟ ತಪ್ಪಿದರೆ 2015ರ ನಿಯಮಗಳ ಪ್ರಕಾರ ಮಗುವಿಗೆ ಆಹಾರ ಭದ್ರತಾ ಭತ್ಯೆ ಸಿಗಬೇಕು: ಅಷ್ಟು ಧಾನ್ಯ ಮತ್ತು ಅಡುಗೆ ವೆಚ್ಚ, ಮುಂದಿನ ತಿಂಗಳ 15ರೊಳಗೆ. ಮಳೆ ರಜೆಗೆ ಇದು ಅನ್ವಯಿಸುವುದಿಲ್ಲ, ಏಕೆಂದರೆ ಆ ದಿನ ಶಾಲೆಯೇ ಇಲ್ಲ. ಮುಂದೆ ಶನಿವಾರ ಇಡೀ ದಿನ ತರಗತಿ ನಡೆಸಿ ಪಾಠವನ್ನು ಸರಿದೂಗಿಸುತ್ತಾರೆ. ಹಿಂದಿನ ವಾರದ ಹಸಿವನ್ನು ಹಾಗೆ ಸರಿದೂಗಿಸಲು ಬರುವುದಿಲ್ಲ. ಕಡಲಿಗೆ ಇಳಿಯುವಂತಿಲ್ಲದ ತಿಂಗಳು, ಕಟ್ಟಡ ಕೆಲಸ ನಿಂತ ತಿಂಗಳು, ಶಾಲೆಗೆ ರಜೆ ಬೀಳುವ ತಿಂಗಳು ಮೂರೂ ಒಂದೇ ಎಂಬುದನ್ನು ಬೇರೆಲ್ಲೋ ಕೂತು ಕಾಯ್ದೆ ಬರೆದವರು ಊಹಿಸುವ ಹಾಗಿರಲಿಲ್ಲ.

ದಾರಿಗಳು ಇಲ್ಲದಿಲ್ಲ. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿತ್ತು. 2024ರ ಬರದ ಬೇಸಿಗೆಯಲ್ಲಿ ಕರ್ನಾಟಕ ಅದನ್ನು ಮಾಡಿಯೂ ತೋರಿಸಿತು. ಕೊರೊನಾ ಕಾಲದಲ್ಲಿ ಬಾಗಿಲು ಮುಚ್ಚಿದ ಶಾಲೆಗಳಿಂದಲೇ ಅಕ್ಕಿ, ಬೇಳೆ ಮಕ್ಕಳ ಮನೆಗೆ ಹೋಯಿತು. ಮಳೆ ಕಡಿಮೆಯಾದದ್ದಕ್ಕೆ ಇರುವ ಉಪಾಯ ಮಳೆ ಹೆಚ್ಚಾದದ್ದಕ್ಕೆ ಏಕಿರಬಾರದು? ಜೂನ್ ಮೊದಲ ವಾರವೇ ಐದಾರು ರಜೆಗಳ ಪಾಲಿನ ಅಕ್ಕಿ, ಹೆಸರುಕಾಳು, ಹಾಲಿನ ಪುಡಿ, ಕಡಲೆಬೀಜದ ಪೊಟ್ಟಣವೊಂದನ್ನು ಮಗುವಿನ ಚೀಲಕ್ಕೆ ಹಾಕಿ ಕಳುಹಿಸಬಹುದು. ಮನೆಗೆ ಹೋದ ಧಾನ್ಯ ಎಲ್ಲರ ಪಾಲಾಗುತ್ತದೆ ಎಂದು ಮೇಲೆ ನಾನೇ ಬರೆದಿದ್ದೇನೆ, ಬಲ್ಲೆ. ಆದರೂ ಏನೂ ಇಲ್ಲದಿರುವುದಕ್ಕಿಂತ ಹಂಚಿ ತಿನ್ನುವುದು ಮೇಲು. ಅಪಾಯವಿಲ್ಲದ ಪೇಟೆಯ ವಾರ್ಡುಗಳಲ್ಲಿ, ಮಕ್ಕಳು ಶಾಲೆಯಿಂದ ಕೂಗಳತೆಯಲ್ಲಿ ಇರುವಲ್ಲಿ, ಅಡುಗೆಮನೆಯನ್ನು ಮಾತ್ರ ತೆರೆದಿಡುವ ಅಧಿಕಾರವನ್ನು ಶಾಲೆಗೇ ಬಿಡಬಹುದು.

ಹಾಗೆ ತೆರೆದರೆ ಅಡುಗೆಯವರ ಕೂಲಿಯ ಮಾತೂ ಬರುತ್ತದೆ. 26ರಿಂದ 100 ಮಕ್ಕಳಿಗೆ ಇಬ್ಬರು, ಮುಂದಿನ ಪ್ರತಿ ನೂರಕ್ಕೆ ಇನ್ನೊಬ್ಬರು ಎಂಬುದು ನಿಯಮ. ಕೇಂದ್ರದ ಲೆಕ್ಕದಲ್ಲಿ ಅವರ ಗೌರವಧನ 2009ರಿಂದ ತಿಂಗಳಿಗೆ 1,000 ರೂಪಾಯಿಯಲ್ಲೇ ನಿಂತಿದೆ, ಅದೂ ವರ್ಷಕ್ಕೆ ಹತ್ತು ತಿಂಗಳು. ಮೇಲಿನದ್ದನ್ನು ರಾಜ್ಯ ಕೂಡಿಸುತ್ತದೆ. ಸಂಬಳವೆಂದರೆ ನಿಯಮಗಳು ಅಂಟಿಕೊಳ್ಳುತ್ತವೆಂದು ಗೌರವಧನ ಎನ್ನುತ್ತಾರೆ.

ನಮ್ಮ ಶಾಲೆಯ ಅಡುಗೆ ಅಕ್ಕನ ಮನೆ ಶಾಲೆಯ ಹಿಂದಿನ ಓಣಿಯಲ್ಲೇ. ಒಂದು ಜುಲೈ ಬೆಳಿಗ್ಗೆ ರಜೆಯ ಸಂದೇಶ ಬರುವಾಗ ಏಳು ಗಂಟೆ ದಾಟಿತ್ತು. ಅವರು ಅಷ್ಟರಲ್ಲಾಗಲೇ ಅಕ್ಕಿ ತೊಳೆದು, ಸೌತೆಕಾಯಿ ಹೆಚ್ಚಿ ಮುಗಿಸಿದ್ದರು. ಬಾಗಿಲು ಹಾಕಿ ಹೊರಡುವಾಗ ಒಂಬತ್ತರ ಹೊತ್ತಿಗೆ ನಾಲ್ಕು ಮಕ್ಕಳು ನೆನೆದುಕೊಂಡು ಬಂದರು. ಅವರ ಅಪ್ಪ ಅಮ್ಮ ಶಾಲೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇರಲಿಲ್ಲ, ರಜೆಯೆಂದು ಅವರಿಗೆ ಹೇಳುವವರೂ ಇರಲಿಲ್ಲ. ಅಕ್ಕ ನನಗೆ ಫೋನ್ ಮಾಡಿ ‘ಇವತ್ತು ಒಲೆ ಹಚ್ಚಬಹುದಾ?’ ಎಂದು ಕೇಳಿದರು. ನಿಯಮ ನನಗೂ ಗೊತ್ತಿರಲಿಲ್ಲ. ನಾನು ಮುಖ್ಯ ಶಿಕ್ಷಕರನ್ನು ಕೇಳಿ ಮತ್ತೆ ಫೋನ್ ಮಾಡುವಷ್ಟರಲ್ಲಿ ಕುಕ್ಕರ್ ಎರಡು ಸಲ ಕೂಗಿಯಾಗಿತ್ತು. ಆ ದಿನ ಊಟ ಮಾಡಿದವರ ಸಂಖ್ಯೆ ಶಾಲೆಯ ದಾಖಲೆಯಲ್ಲಿ ಸೊನ್ನೆ.